ಅವನನ್ನೂ ಒಂದು ಮಾತು ಕೇಳಬಹುದಿತ್ತು

ಅಕ್ಕನ ಮಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 561 ತೆಗೆದಿದ್ದಾನೆ. ಮುಂದೇನು ಓದಿಸೋದು ಅಂತ ಗೊತ್ತಾಗದೆ ಅಕ್ಕ, ಭಾವ ಅವನನ್ನು ಕರಿಯರ್ ಗೈಡೆನ್ಸಿಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಅವತ್ತಿನಿಂದ ನನ್ನ ಮನಸ್ಸಿಗೆ ಸಮಾಧಾನವೇ ಇಲ್ಲ.

ಈ ಹುಡುಗನಿಗೆ ಮೋಟಾರ್ ಅಂದರೆ ಪ್ರಾಣ. ತಿಪಟೂರು ಕಡೆ ತೆಂಗಿನ ತೋಟ ಇದ್ದವರಿಗೆ ಗೊತ್ತು, ವೋಲ್ಟೇಜ್ ಬಿದ್ದರೆ ಪಂಪ್‌ಸೆಟ್ ಸುಟ್ಟಿತು ಅಂತಲೇ ಲೆಕ್ಕ. ರಜೆ ಬಂದರೆ ಅವನು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿಯಲ್ಲೇ ಇರುತ್ತಾನೆ. ಸುಟ್ಟ ಕಾಯಿಲ್ ಬಿಚ್ಚುವಾಗ ಒಂದೊಂದೇ ಸುತ್ತು ಎಣಿಸುತ್ತಾನೆ. ತಂತಿಯ ಗೇಜ್ ಅಂದರೆ ದಪ್ಪ ಎಷ್ಟು, ತಂತಿ ಕೂರುವ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಆ ಪುಟಗಳ ಮೇಲೆಲ್ಲ ವಾರ್ನಿಶ್ ಕಲೆ. ಸುತ್ತಿನ ಲೆಕ್ಕ ತಪ್ಪಿದರೆ ಮೋಟಾರ್ ಮತ್ತೆ ಬಿಸಿಯಾಗುತ್ತೆ ಅಂತ ನನಗೆ ಹೇಳಿಕೊಟ್ಟವನೇ ಅವನು.

ಗೈಡೆನ್ಸಿನವರು ಕೇಳಿದ್ದು ಮಾರ್ಕ್ಸ್, ಅಪ್ಪನ ಆದಾಯ, ಕೆಟಗರಿ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ಟೆಸ್ಟು. ಪ್ರಿಂಟ್ ತೆಗೆದು ಪಿಯುಸಿಯಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಅಂದರು. ಹುಡುಗ ಮೆಲ್ಲಗೆ, "ಸಾರ್, ನಾನು ಡಿಪ್ಲೊಮಾ ಮಾಡ್ತೀನಿ" ಅಂದ. ಅವನ ಮುಖ ಕೂಡ ನೋಡದೆ ಭಾವನಿಗೆ ಹೇಳಿದರು: "ಇಷ್ಟು ಮಾರ್ಕ್ಸ್ ಇಟ್ಕೊಂಡು ಡಿಪ್ಲೊಮಾನಾ?"

ಯಾಕೆ ಮಾಡಬಾರದು? ಡಿಪ್ಲೊಮಾ 3 ವರ್ಷ. ಆಮೇಲೆ ಬೇಕಾದರೆ ಡಿಪ್ಲೊಮಾ ಆದವರಿಗೆ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಸೇರಬಹುದು. ಕೈಕೆಲಸ ಬರುವ ಮಕ್ಕಳಿಗೆ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ಡಿಪ್ಲೊಮಾ ಇದೆ. ಇದನ್ನೆಲ್ಲ ಹೇಳುವುದೇ ಗೈಡೆನ್ಸ್ ಅಲ್ವಾ? ಒಂದು ಮಾತೂ ಬರಲಿಲ್ಲ. ಸೈನ್ಸ್ ತಗೋ, ನೀಟ್ ಬರಿ, ಆಗದಿದ್ದರೆ ಸಿಇಟಿ ನೋಡೋಣ. ಇಷ್ಟು ಹೇಳೋಕೆ ಮಗುವನ್ನು ಎದುರಿಗೆ ಕೂರಿಸಿಕೊಳ್ಳುವ ಅಗತ್ಯವೇ ಇಲ್ಲ, ಮಾರ್ಕ್ಸ್ ಕಾರ್ಡ್ ಸಾಕು.

ನನಗೆ ಇಷ್ಟು ಸಂಕಟ ಆಗೋಕೆ ಕಾರಣ ಇದೆ. ಹೈಸ್ಕೂಲಿನಲ್ಲಿ ನಾನು ಸದಾ ಚಿತ್ರ ಬರೆಯುತ್ತಿದ್ದೆ. ಮೈಸೂರಿನಲ್ಲಿ ಕಾವಾ ಅಂತ ಕಲಾ ಕಾಲೇಜಿದೆ ಅಂತ ಗೊತ್ತಾಗಿದ್ದು ಬಿಕಾಂ ಮುಗಿದ ಮೇಲೆ. ನಿನಗೇನಿಷ್ಟ ಅಂತ ಯಾರಾದರೂ ಒಮ್ಮೆ ಕೇಳಿದ್ದರೆ ಹೇಳುತ್ತಿದ್ದೆ.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗ ಮಾತೇ ಆಡಲಿಲ್ಲ. ಭಾವ ಇನ್ನೂ ಯೋಚನೆಯಲ್ಲಿದ್ದಾರೆ, ಅವರಿಗೆ ಇರುವುದು ಭಯ ಅಷ್ಟೇ. ಇಲ್ಲಿ ಯಾರಾದರೂ ಡಿಪ್ಲೊಮಾ ಅಥವಾ ಟೂಲ್ ಅಂಡ್ ಡೈ ಓದಿ ಕೆಲಸದಲ್ಲಿದ್ದರೆ ದಯವಿಟ್ಟು ತಿಳಿಸಿ. ಅರ್ಧ ಗಂಟೆ ಭಾವನ ಹತ್ತಿರ ಫೋನಿನಲ್ಲಿ ಮಾತಾಡಿದರೆ ಸಾಕು. ಅಡ್ಮಿಶನ್ನಿಗೆ ಜಾಸ್ತಿ ದಿನ ಉಳಿದಿಲ್ಲ.