ಮೊಮೆಂಟ್ ಜೆಎಸ್ ಬಗ್ಗೆ ಒಂದು ಸ್ಪಷ್ಟನೆ
ಮೊಮೆಂಟ್ ಜೆಎಸ್ ಅಂದರೆ ವೆಬ್‌ಸೈಟುಗಳಲ್ಲಿ ದಿನಾಂಕ, ಸಮಯದ ಲೆಕ್ಕಕ್ಕೆ ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ). ಡೇ ಜೆಎಸ್ ಅದೇ ಕೆಲಸದ ಇನ್ನೊಂದು ಲೈಬ್ರರಿ. "ಮೊಮೆಂಟ್ ಜೆಎಸ್ ಮುಚ್ಚಿಹೋಗಿದೆ, ಬಳಸುವ ಸೈಟುಗಳೆಲ್ಲ ನಿಲ್ಲುತ್ತವೆ, ಇವತ್ತೇ ಡೇ ಜೆಎಸ್ ಹಾಕಿ, ಕೋಡ್ ಹಾಗೇ ಓಡುತ್ತೆ" ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ಎರಡು ತಪ್ಪುಗಳಿವೆ.

2020ರ ಸೆಪ್ಟೆಂಬರಿನಲ್ಲಿ ಮೊಮೆಂಟ್ ತಂಡ ಹೇಳಿದ್ದು ಇಷ್ಟೇ: ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ, ಹೊಸ ಪ್ರಾಜೆಕ್ಟಿಗೆ ಬೇರೆ ಲೈಬ್ರರಿ ನೋಡಿ. ಅದಾದ ಮೇಲೂ 2022ರಲ್ಲಿ ಭದ್ರತಾ ದೋಷಗಳನ್ನು ಸರಿಪಡಿಸಿ 2.29.2 ಮತ್ತು 2.29.4 ಆವೃತ್ತಿಗಳನ್ನು ಬಿಡುಗಡೆ ಮಾಡಿದರು. 2.29.4ಕ್ಕಿಂತ ಹಳೆಯ ಆವೃತ್ತಿಯಲ್ಲೇ ಕೂತಿದ್ದರೆ ಅಪಾಯ ನಿಜ. ದಯವಿಟ್ಟು ಮೊದಲು ಅದನ್ನು ಅಪ್‌ಡೇಟ್ ಮಾಡಿ.

ಡೇ ಜೆಎಸ್ ಒಳ್ಳೆಯದೇ, ತುಂಬಾ ಚಿಕ್ಕದು. ಎರಡರಲ್ಲೂ ಫಂಕ್ಷನ್ ಹೆಸರುಗಳು ಹೆಚ್ಚುಕಮ್ಮಿ ಒಂದೇ. ನಡವಳಿಕೆ ಮಾತ್ರ ಬೇರೆ. ಮೊಮೆಂಟಿನಲ್ಲಿ ದಿನ, ತಿಂಗಳು ಕೂಡಿಸುವ 'ಆ್ಯಡ್' ಫಂಕ್ಷನ್ ಕರೆದರೆ ಮೂಲ ದಿನಾಂಕವೇ ಬದಲಾಗುತ್ತದೆ. ಡೇ ಜೆಎಸ್ ಮೂಲವನ್ನು ಮುಟ್ಟದೆ ಹೊಸ ದಿನಾಂಕ ಕೊಡುತ್ತದೆ. ಆ ಹೊಸ ದಿನಾಂಕವನ್ನು ಕೋಡಿನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಹಳೆಯ ದಿನಾಂಕವೇ ಸುಮ್ನೆ ಉಳಿಯುತ್ತದೆ, ಎರರ್ ಕೂಡ ಬರುವುದಿಲ್ಲ. ಬಿಲ್ಲಿನ ಕೊನೆಯ ದಿನ ಲೆಕ್ಕ ಹಾಕುವ ಕೋಡಿನಲ್ಲಿ ಹೀಗಾದರೆ ಕಷ್ಟ ಅಲ್ವಾ? ಡೇ ಜೆಎಸ್‌ನಲ್ಲಿ ಟೈಮ್‌ಝೋನ್ ಬೇಕಿದ್ದರೆ ಪ್ಲಗಿನ್ (ಹೆಚ್ಚುವರಿ ಕೋಡ್) ಬೇರೆ ಸೇರಿಸಬೇಕು.