ಹಳೇ ಎಂಜಿನ್ನಿಗೆ ಐಡ್ಲಿಂಗ್ ಬೇಡ

ರೀಬಿಲ್ಡ್ ಆದ (ಬಿಚ್ಚಿ ಮತ್ತೆ ಕಟ್ಟಿದ) ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಆಕ್ಸಿಲರೇಟರ್ ಒತ್ತದೆ ಐಡ್ಲಿಂಗ್‌ನಲ್ಲೇ ಬಿಡಿ ಅಂತ ಒಂದು ಲೇಖನದಲ್ಲಿದೆ. ಫ್ಲಾಟ್ ಟ್ಯಾಪೆಟ್ (ಕ್ಯಾಮ್ ಶಾಫ್ಟ್ ಮೇಲೆ ಉಜ್ಜಿಕೊಂಡು ವಾಲ್ವ್ ಎತ್ತುವ ಚಪ್ಪಟೆ ತಳದ ಭಾಗ) ಇರೋ ಹಳೇ ಎಂಜಿನ್ನಿಗೆ ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಎಷ್ಟೋ ಎಂಜಿನ್‌ಗಳಲ್ಲಿ ಕ್ಯಾಮ್ ಶಾಫ್ಟಿನ ಉಬ್ಬಾದ ಲೋಬ್‌ಗೆ ಆಯಿಲ್ ಸಿಗೋದೇ ಕ್ರ್ಯಾಂಕ್ ಶಾಫ್ಟ್ ತಿರುಗುವಾಗ ಚಿಮ್ಮಿದ್ದರಿಂದ. ಐಡ್ಲಿಂಗ್‌ನಲ್ಲಿ ಅದು ಸಾಲಲ್ಲ, ಹೊಸ ಲೋಬ್ ನಿಮಿಷಗಳಲ್ಲೇ ಸವೆದುಹೋಗಬಹುದು. ಸ್ಟಾರ್ಟ್ ಆದ ತಕ್ಷಣ 2000–2500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಹೆಚ್ಚುಕಮ್ಮಿ ಮಾಡ್ತಾ 20 ನಿಮಿಷವಾದ್ರೂ ಓಡಿಸಬೇಕು. ಆಯಿಲ್‌ನಲ್ಲಿ ಸವೆತ ತಡೆಯೋ ಜಿಂಕ್ ಅಂಶ ಚೆನ್ನಾಗಿರಲಿ. ಉಜ್ಜದೆ ಉರುಳುವ ಟ್ಯಾಪೆಟ್ ಇರೋ ರೋಲರ್ ಕ್ಯಾಮ್ ಆದ್ರೆ ಈ ತಲೆನೋವಿಲ್ಲ.

ಇನ್ನು ಸ್ಟಾರ್ಟ್ ಮಾಡೋಕೆ ಮುಂಚೆ ಆಯಿಲ್ ಪ್ರೆಶರ್ ಬರಿಸೋ ವಿಷಯ, ಅದನ್ನು ಲೇಖನದಲ್ಲಿ ಬಿಟ್ಟೇಬಿಟ್ಟಿದ್ದಾರೆ! ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ತೆಗೆದು ಡ್ರಿಲ್ಲಿಂದ ಆಯಿಲ್ ಪಂಪ್ ತಿರುಗಿಸೋಕಾಗುವ ಎಂಜಿನ್ ಆದ್ರೆ ಅದೇ ಒಳ್ಳೇದು, ಲೋಬ್‌ಗೆ ಜೋಡಿಸುವಾಗ ಹಚ್ಚಿದ ಜಾರುವ ಪೇಸ್ಟ್ ಒರೆಸಿಹೋಗಲ್ಲ. ಆಗದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ನು, ಪೆಟ್ರೋಲು ಎರಡೂ ಕಟ್ ಮಾಡಿ, ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಏಳೋ ತನಕ ತಡೆತಡೆದು ಕ್ರ್ಯಾಂಕ್ ಮಾಡಿ (ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ). ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಮೊದಲೇ ಸರಿ ಇಟ್ಕೊಳ್ಳಿ, ಆಮೇಲೆ ಸುಮ್ಮನೆ ಕ್ರ್ಯಾಂಕ್ ಮಾಡ್ತಾ ಕೂರೋ ಹಾಗಾಗಬಾರದು.

ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಹೊಂದಿ ಕೂರೋದು ಲೋಡ್ ಬಿದ್ದಾಗ, ರೋಡಿನ ಮೇಲೆ. ಮೊದಲ ಓಟದ ಆಯಿಲ್ ಬಿಸಿಯಿದ್ದಾಗಲೇ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಮಡಿಕೆ ಬಿಡಿಸಿ ನೋಡಿ. ಲೋಹದ ಸಣ್ಣ ಮಿನುಗು ಇದ್ದದ್ದೇ, ಚೂರುಗಳೇ ಸಿಕ್ಕರೆ ಎಂಜಿನ್ ಮತ್ತೆ ಬಿಚ್ಚಬೇಕು.