ಒಂದೇ ಟೇಬಲ್ಲು, ಇಬ್ಬರು ನೌಕರರು

ಶಿರಸಿ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಆರು ವರ್ಷ ಸಾಲದ ಟೇಬಲ್ ನನ್ನದಾಗಿತ್ತು. ಪಹಣಿ ಹಿಡಿದು ಬಂದವರ ಜೊತೆ ಮಾತು, ತೋಟ ನೋಡಿ ಬರುವುದು, ವರದಿ, ಅಡಿಕೆ ಮಾರಿದ ಹೊತ್ತಿಗೆ ಸರಿಯಾಗಿ ಕಂತು ಕೇಳುವುದು, ಎಲ್ಲ ನಾನೇ. ಬೈಗುಳವೂ ನನಗೇ. ಕೊಳೆರೋಗ ಬಂದ ವರ್ಷ ಯಾರ ಕಂತು ತಪ್ಪುತ್ತದೆ ಅಂತ ಫೈಲ್ ತೆಗೆಯದೇ ಹೇಳುತ್ತಿದ್ದೆ.

ಆಮೇಲೆ ಹುಬ್ಬಳ್ಳಿಯ ಪ್ರೊಸೆಸಿಂಗ್ ಸೆಂಟರಿಗೆ ವರ್ಗ. ಸಂಬಳ ಅಷ್ಟೇ, ಎಸಿ ಲಾಭ. ದಿನಕ್ಕೆ ನಲವತ್ತು ಫೈಲು, ಒಂದೊಂದರಲ್ಲೂ ನಾನು ನೋಡುವುದು ಮೂರೇ ಪುಟ. ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ. ಆ ತೋಟ ಎದ್ದಿತೋ ಮಲಗಿತೋ ದೇವರಿಗೇ ಗೊತ್ತು. ಮೂರು ತಿಂಗಳಿಗೆಲ್ಲ ಭಾನುವಾರ ಸಂಜೆ ಹೊಟ್ಟೆ ತೊಳಸತೊಡಗಿತು. ‘ಆಟಿಟ್ಯೂಡ್ ಸರಿಯಿಲ್ಲ’ ಅಂತ ಎರಡು ದಿನದ ಟ್ರೇನಿಂಗಿಗೆ ಕಳಿಸಿದರು. ಅಲ್ಲಿ ಬಲೂನು ಊದಿಸಿದರು!

ಪಕ್ಕದ ಟೇಬಲ್ಲಿನ ಮೇಡಂ ಮಾತ್ರ ಅದೇ ಕೆಲಸದಲ್ಲಿ ಆರಾಮ. "ಅಲ್ರೀ, ಯಾರೂ ಎದುರಿಗೆ ಬಂದು ಕೂಗಾಡೂದಿಲ್ಲ, ಆರಕ್ಕ ಎದ್ರ ಮುಗೀತು. ಇನ್ನೇನ್ ಬೇಕ್ರಿ ನಿಮಗ?"

ಕೆಲಸ ಮನಸ್ಸಿಗೆ ಹಿಡಿಸಬೇಕಾದರೆ ಅದರಲ್ಲಿ ಯಾವ ಐದು ಗುಣ ಇರಬೇಕೆಂದು ಅಮೆರಿಕದ ಸಂಶೋಧಕರಾದ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1970ರ ದಶಕದಲ್ಲೇ ಬಿಡಿಸಿಟ್ಟಿದ್ದರು. ಬಗೆಬಗೆಯ ಕೌಶಲ ಬೇಡುವ ಕೆಲಸ, ಬುಡದಿಂದ ತುದಿಯವರೆಗೆ ಒಬ್ಬರ ಕೈಯಲ್ಲೇ ಇರುವುದು, ಅದರಿಂದ ಇನ್ನೊಬ್ಬರ ಬದುಕಿಗೆ ಆಗುವ ಉಪಯೋಗ, ಸ್ವಂತ ತೀರ್ಮಾನಕ್ಕೆ ಜಾಗ, ಮಾಡಿದ್ದು ಹೇಗಾಯಿತೆಂದು ತಿಳಿಯುವುದು. ಶಿರಸಿಯಲ್ಲಿ ಐದೂ ಇದ್ದವು. ಇಲ್ಲಿ ಮೂರನೆಯದು ಮಾತ್ರ, ಅದೂ ಕಾಗದದ ಮೇಲೆ. ಕೆಲಸದಲ್ಲೇ ಬೆಳೆಯಬೇಕೆಂಬ ಹಸಿವು ಇದ್ದವರಿಗೆ ಇವುಗಳ ಪರಿಣಾಮ ಹೆಚ್ಚು ಅಂತಲೂ ಅವರು ಹೇಳಿದ್ದರು. ಮೇಡಂಗೆ ಹಸಿವಿಲ್ಲ ಅಂತಲ್ಲ. ಅದು ಆರರ ಮೇಲೆ ಶುರುವಾಗುತ್ತದೆ, ಹಿಂದೂಸ್ತಾನಿ ಸಂಗೀತ ಕಲಿಯುತ್ತಾರೆ.

ನಾನು ಸ್ವಲ್ಪ ಕಿರಿಕಿರಿಯ ಮನುಷ್ಯನೇ, ಒಪ್ಪಿದೆ. ಆದರೆ ಸಂಶೋಧಕ ಟಿಮೊಥಿ ಜಡ್ಜ್ ಮತ್ತು ಸಂಗಡಿಗರು 2002ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಸುಮ್ಮಸುಮ್ಮನೆ ಆತಂಕಪಡುವ ಸ್ವಭಾವಕ್ಕೂ ಕೆಲಸದ ಅತೃಪ್ತಿಗೂ ಕಂಡ ನಂಟು, ಸೊನ್ನೆಯಿಂದ ಒಂದರ ಅಳತೆಯಲ್ಲಿ, 0.29. ಅದನ್ನು ಅದರಿಂದಲೇ ಗುಣಿಸಿದರೆ ಜನರ ಅತೃಪ್ತಿಯ ಏರಿಳಿತದಲ್ಲಿ ಸ್ವಭಾವದ ಪಾಲು ಸಿಗುತ್ತದೆ: ನೂರಕ್ಕೆ ಎಂಟು. ಬ್ಯಾಂಕಿನವರಿಗೆ ಈ ಲೆಕ್ಕ ಹೇಳಿಕೊಡಬೇಕೆ? ಕೆಲಸವನ್ನು ಹೋಳು ಮಾಡಿ ಹಂಚಿದವರನ್ನು ಯಾರೂ ಟ್ರೇನಿಂಗಿಗೆ ಕಳಿಸುವುದಿಲ್ಲ.

ಕಳೆದ ತಿಂಗಳು ವಾಪಸ್ ಶಾಖೆಗೆ ಹಾಕಿ ಅಂತ ಅರ್ಜಿ ಕೊಟ್ಟೆ. ಎಚ್‌ಆರ್‌ನಿಂದ ಫೋನ್ ಬಂತು: "ಸರ್, ಮನೇಲಿ ಏನಾದ್ರೂ ತೊಂದರೆನಾ?"